ಸರಳವೂ ಇರಬೇಕು, ಚೌಕಟ್ಟೂ ಇರಬೇಕು: ನಿಮ್ಮನೆ ಜಗಲಿಗೆ ಸರಿಹೊಂದುವ ಆರ್‌ಪಿಜಿ ಆರಿಸುವ ಸಮಗ್ರ ಮಾರ್ಗದರ್ಶಿ

"ರೂಲ್ಸ್ ಜಾಸ್ತಿ ಇರಬಾರದು. ಆದ್ರೆ ಸುಮ್ನೆ ಬಾಯಿಗೆ ಬಂದ ಕತೆ ಹೇಳ್ಕೊಂಡು ಕೂರೋದೂ ಆಗಬಾರದು." ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ (ಆರ್‌ಪಿಜಿ) ಆಡೋಣ ಅಂತ ಹೊರಟವರು ಹೆಚ್ಚುಕಮ್ಮಿ ಎಲ್ಲರೂ ಕೇಳುವುದು ಇದನ್ನೇ. ಹುಡುಕಿದರೆ ಎರಡು ಥರದ ಉತ್ತರ ಸಿಗುತ್ತದೆ. ಒಬ್ಬರು ಮುನ್ನೂರು ಪುಟದ ಪುಸ್ತಕ ತೋರಿಸುತ್ತಾರೆ. ಇನ್ನೊಬ್ಬರು ಒಂದೇ ಹಾಳೆಯ ಆಟ ಕೊಟ್ಟು, ಇಷ್ಟೇ ಸಾಕು, ಉಳಿದದ್ದು ನಿಮ್ಮ ಕಲ್ಪನೆ ಅನ್ನುತ್ತಾರೆ. ಮೊದಲನೆಯದನ್ನು ಓದಿ ಮುಗಿಸುವುದರೊಳಗೆ ಮಳೆಗಾಲ ಮುಗಿದಿರುತ್ತದೆ. ಎರಡನೆಯದರಲ್ಲಿ ಅರ್ಧ ಗಂಟೆಗೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಪುಟ ಎಣಿಸಬೇಡಿ ಅನ್ನುವುದು ನನ್ನ ವಾದ. "ಈಗ ಮುಂದೆಂತ?" ಅಂತ ಎಲ್ಲರೂ ಸುಮ್ಮನಾದಾಗ ಪುಸ್ತಕ ಬಾಯಿಬಿಡುತ್ತದಾ ಅಂತ ನೋಡಿ. ಬಾಯಿಬಿಟ್ಟರೆ ಅದು ಚೌಕಟ್ಟಿರುವ ಆಟ. ಆ ಉತ್ತರ ಎರಡು ಸಾಲಿನಲ್ಲಿ ಮುಗಿದರೆ ಸರಳವೂ ಹೌದು.

ಆಟವೇ ಗೊತ್ತಿಲ್ಲದವರಿಗೆ ಎರಡು ಮಾತು. ಮೂರ್ನಾಲ್ಕು ಜನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಉಳಿದವರಿಗೆ ಒಂದೊಂದು ಪಾತ್ರ. ಜಿಎಂ ಸನ್ನಿವೇಶ ಹೇಳುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ, ಆಗುತ್ತೋ ಇಲ್ವೋ ಅನ್ನುವ ಅನುಮಾನ ಬಂದ ಕಡೆ ದಾಳ ಉರುಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗಿನಿಂದ ಈ ಥರದ ಆಟ ಬೆಳೆಯುತ್ತಾ ಬಂದಿದೆ. ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ, ತಾಳಮದ್ದಳೆ ನೋಡಿದ್ದೇವಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಒಬ್ಬರು ಕೃಷ್ಣ, ಎದುರಿಗಿದ್ದವರು ಕೌರವ. ಅರ್ಥಧಾರಿಯ ಮಾತನ್ನು ಯಾರೂ ಬರೆದುಕೊಟ್ಟಿಲ್ಲ, ಆ ಹೊತ್ತಿಗೆ ಹುಟ್ಟಿದ್ದು. ಆದರೂ ಅದು ಹರಟೆ ಆಗುವುದಿಲ್ಲ, ಯಾಕಂದ್ರೆ ಪ್ರಸಂಗದ ಪದ್ಯ ಇದೆ. ಭಾಗವತರು ಮುಂದಿನ ಪದ್ಯ ಎತ್ತಿಕೊಂಡರು ಅಂದರೆ ವಾದ ಎಷ್ಟೇ ರುಚಿಯಾಗಿರಲಿ, ಅಲ್ಲಿಗೆ ಬಿಡಬೇಕು, ಕತೆ ಮುಂದಕ್ಕೆ ಹೋಗಬೇಕು. ನೀವು ಹುಡುಕುತ್ತಿರುವ ಆಟದಲ್ಲಿ ಆ ಪದ್ಯದ ಕೆಲಸವನ್ನು ರೂಲ್ಸ್ ಮಾಡಬೇಕು. ಸಂಧಾನ ಮುರಿಯುತ್ತದೆ ಅಂತ ಅಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಇಲ್ಲಿ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೆಜ್ಜೆ 1: ಆಟಕ್ಕಿಂತ ಮೊದಲು ಜನ ನೋಡಿ

ಯಾರು ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಪ್ರತಿ ಸಲ ಅವರೇ ಬರುತ್ತಾರಾ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದರೆ ಮಳೆಗಾಲ ಒಳ್ಳೆಯ ಸಮಯ. ಹೊರಗೆ ಹೋಗುವಂತಿಲ್ಲ, ಕರೆಂಟ್ ಯಾವಾಗ ಹೋಗುತ್ತದೆ ಗೊತ್ತಿಲ್ಲ, ಮೊಬೈಲ್ ಟವರೂ ಅದರ ಹಿಂದೆಯೇ ಹೋಗುತ್ತದೆ. ಹಾಗಾಗಿ ಆ್ಯಪ್ ಬೇಕೇ ಬೇಕು ಅನ್ನುವ ಆಟ ಬೇಡ. ಕಾಗದ, ಪೆನ್ಸಿಲ್, ದಾಳ, ಒಂದು ಚಾರ್ಜ್ ಲೈಟ್, ಇಷ್ಟರಲ್ಲಿ ನಡೆಯುವಂಥದ್ದು ಆರಿಸಿ. ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ, ರಾತ್ರಿ ಅಡಿಕೆ ಸುಲಿಯುವವರನ್ನು ದಾಳ ಹಾಕಲು ಕರೆದರೆ ಬೈಗುಳ ಗ್ಯಾರಂಟಿ. ಅಂದರೆ ವರ್ಷವಿಡೀ ಎಳೆಯುವ ದೊಡ್ಡ ಕತೆಗಿಂತ ನಾಲ್ಕೈದು ಸಂಜೆಗೆ ಒಂದು ಘಟ್ಟ ಮುಟ್ಟುವ ಆಟ ನಮಗೆ ಹೊಂದುತ್ತದೆ.

ಕಾರವಾರದ ಕತೆ ಬೇರೆ. ಕೈಗಾ ಶಿಫ್ಟ್‌ನವರು, ನೌಕಾನೆಲೆಯ ಕೆಲಸದವರು ಇದ್ದ ಗುಂಪಿನಲ್ಲಿ ಈ ವಾರ ಬಂದವರು ಮುಂದಿನ ವಾರ ಬರುವುದಿಲ್ಲ. ಅಲ್ಲಿ ಒಂದೇ ಸಂಜೆಗೆ ಮುಗಿಯುವ, ಹತ್ತು ನಿಮಿಷದಲ್ಲಿ ಹೊಸ ಪಾತ್ರ ತಯಾರಾಗುವ ಆಟವೇ ಬೇಕು.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಈ ಬರಹದಲ್ಲಿ ಬರುವ ಪುಸ್ತಕಗಳೆಲ್ಲ ಇಂಗ್ಲಿಷಿನವು. ಜಗಲಿಯ ಮಾತು ಕನ್ನಡ, ಇಲ್ಲವೇ ಹವ್ಯಕ ಕನ್ನಡ, ಕೊಂಕಣಿ. ಪುಸ್ತಕವನ್ನು ಎಲ್ಲರೂ ಓದುವ ಅಗತ್ಯವಿಲ್ಲ, ಜಿಎಂ ಓದಿದರೆ ಸಾಕು. ಆದರೆ ಓದಿದ್ದನ್ನು ಪುಸ್ತಕ ಮುಚ್ಚಿಟ್ಟು ಹತ್ತು ನಿಮಿಷದಲ್ಲಿ ಅಕ್ಕನಿಗೋ ಭಾವನಿಗೋ ಕನ್ನಡದಲ್ಲಿ ಹೇಳಲು ಆಗಬೇಕು. ಆಗದಿದ್ದರೆ ಆ ಆಟ ನಿಮ್ಮ ಗುಂಪಿಗೆ ಸರಳ ಅಲ್ಲ, ಹೊರಗಿನವರು ಎಷ್ಟೇ ಹೊಗಳಲಿ.

ಹೆಜ್ಜೆ 2: ಪುಸ್ತಕಕ್ಕೆ ನಾಲ್ಕು ಪ್ರಶ್ನೆ ಹಾಕಿ

ಪೂರ್ತಿ ಓದಬೇಡಿ. ಅರ್ಧ ಗಂಟೆ ಕೂತು ಈ ನಾಲ್ಕಕ್ಕೆ ಉತ್ತರ ಹುಡುಕಿ.

ದಾಳ ಯಾವಾಗ ಹಾಕಬೇಕು, ಯಾವಾಗ ಹಾಕಬಾರದು? ಒಳ್ಳೆಯ ಪುಸ್ತಕ ಎರಡನ್ನೂ ಹೇಳುತ್ತದೆ. "ಬಾಗಿಲು ತೆಗೆಯಲು ದಾಳ ಹಾಕು, ಮೆಟ್ಟಿಲು ಹತ್ತಲು ದಾಳ ಹಾಕು" ಅಂತ ಶುರುವಾದರೆ ಸಂಜೆ ಪೂರ್ತಿ ದಾಳದ ಸದ್ದೇ ಕೇಳುತ್ತದೆ.

ಸೋತರೆ ಏನಾಗುತ್ತದೆ? ನಾಲ್ಕರಲ್ಲಿ ಒಂದನ್ನೇ ಕೇಳಬಹುದು ಅಂದರೆ ನಾನು ಇದನ್ನು ಕೇಳುತ್ತೇನೆ. "ಆಗಲಿಲ್ಲ, ಏನೂ ಬದಲಾಗಲಿಲ್ಲ" ಅನ್ನುವ ಫಲಿತಾಂಶ ಆಟವನ್ನು ಸಾಯಿಸುತ್ತದೆ. ಬೀಗ ತೆಗೆಯಲು ನೋಡಿದ, ಆಗಲಿಲ್ಲ. ಇನ್ನೊಬ್ಬ ನೋಡಿದ, ಅವನಿಗೂ ಆಗಲಿಲ್ಲ. ಈಗ? ಸೋಲು ಕೂಡ ಕತೆಯನ್ನು ಮುಂದೆ ತಳ್ಳಬೇಕು: ಬೀಗ ಮುರಿಯಿತು ಆದರೆ ಸದ್ದಾಯಿತು, ಇಲ್ಲವೇ ಬೀಗ ಹಾಗೇ ಇದೆ, ಒಳಗಿನಿಂದ ಯಾರೋ ಬರುವ ಹೆಜ್ಜೆ ಸಪ್ಪಳ ಕೇಳುತ್ತಿದೆ.

ಒಂದು ಘಟನೆ ಮುಗಿದ ಮೇಲೆ ಏನು? ಬ್ಲೇಡ್ಸ್ ಇನ್ ದ ಡಾರ್ಕ್ ಅನ್ನುವ ಆಟ ಇದೆ, ಜಾನ್ ಹಾರ್ಪರ್ ಬರೆದದ್ದು, 2017ರದ್ದು. ಕಳ್ಳರ ಗ್ಯಾಂಗ್ ಒಂದರ ಕತೆ. ಅದರಲ್ಲಿ ಸುತ್ತು ಹೀಗೆ ತಿರುಗುತ್ತದೆ: ಮೊದಲು ಮಾತುಕತೆ, ಆಮೇಲೆ ಒಂದು ಕಳ್ಳತನ, ಆಮೇಲೆ ಬಂದ ದುಡ್ಡಿನ ಲೆಕ್ಕ, ಊರಲ್ಲಿ ಎಷ್ಟು ಗುಲ್ಲಾಯಿತು ಅನ್ನುವ ಲೆಕ್ಕ, ಆಮೇಲೆ ಬಿಡುವಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಕೆಲಸ, ಗಾಯ ವಾಸಿ ಮಾಡಿಕೊಳ್ಳುವುದೋ, ಏನಾದರೂ ಕಲಿಯುವುದೋ. ಮತ್ತೆ ಮೊದಲಿನಿಂದ. ಆ ಸುತ್ತು ಇರುವುದರಿಂದ "ಇವತ್ತು ಎಂತ ಮಾಡೋದು" ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಜಿಎಂ ಕೈಗೆ ಏನು ಕೊಟ್ಟಿದೆ? ಹೆಸರುಗಳ ಪಟ್ಟಿ, ಅಪಾಯಗಳ ಪಟ್ಟಿ, ಎದುರಾಳಿಗಳು, ಒಂದು ರೆಡಿ ಸಾಹಸ. "ನಿಮ್ಮ ಕಲ್ಪನೆಯೇ ಮಿತಿ" ಅಂತ ಬರೆದು ಕೈತೊಳೆದುಕೊಂಡ ಪುಸ್ತಕ ಅನುಭವಿ ಜಿಎಂಗೆ ಮಾತ್ರ.

ಹೆಜ್ಜೆ 3: ದಾಳದ ಲೆಕ್ಕ ಒಮ್ಮೆ ಹಾಕಿ

ಗಣಿತ ಅಂತ ಓಡಬೇಡಿ, ಲೆಕ್ಕ ಸಣ್ಣದು. ಒಂದು ಆಟ ಆಡುವಾಗ ಹೇಗನಿಸುತ್ತದೆ ಅನ್ನುವುದರ ಅರ್ಧ ಗುಟ್ಟು ಇಲ್ಲೇ ಇರುವುದು.

ಇಪ್ಪತ್ತು ಮುಖದ ದಾಳ ಒಂದೇ ಹಾಕಿದರೆ ಪ್ರತಿ ಸಂಖ್ಯೆಗೂ ಶೇ. 5ರ ಅವಕಾಶ. 1 ಬೀಳುವುದೂ 20 ಬೀಳುವುದೂ 11 ಬೀಳುವುದೂ ಒಂದೇ. ಹಾಗಾಗಿ ಪೈಲ್ವಾನನೂ ಮುಗ್ಗರಿಸುತ್ತಾನೆ, ಪುಕ್ಕಲನೂ ಒಮ್ಮೊಮ್ಮೆ ಹುಲಿ ಹೊಡೆಯುತ್ತಾನೆ. ನಗು ಜಾಸ್ತಿ, ಭರವಸೆ ಕಮ್ಮಿ.

ಎರಡು ಆರು ಮುಖದ ದಾಳ ಹಾಕಿ ಕೂಡಿಸಿದರೆ ಮಧ್ಯದ ಸಂಖ್ಯೆಗಳೇ ಹೆಚ್ಚು ಬೀಳುತ್ತವೆ. 2010ರಲ್ಲಿ ಬೇಕರ್ ದಂಪತಿ ಹೊರತಂದ ಅಪಾಕಲಿಪ್ಸ್ ವರ್ಲ್ಡ್ ಅನ್ನುವ ಆಟ ಈ ಗುಣವನ್ನು ಚೆನ್ನಾಗಿ ಬಳಸಿಕೊಂಡಿತು. 10 ಅಥವಾ ಮೇಲೆ ಬಿದ್ದರೆ ಪೂರ್ತಿ ಗೆಲುವು. 7ರಿಂದ 9 ಬಿದ್ದರೆ ಗೆಲುವು, ಜೊತೆಗೊಂದು ತೊಂದರೆ. 6 ಅಥವಾ ಕೆಳಗೆ ಬಿದ್ದರೆ ಜಿಎಂ ಕೈ ಮೇಲೆ. ಬಿದ್ದ ಮೊತ್ತಕ್ಕೆ ಪಾತ್ರದ ಗುಣದ ಅಂಕ ಕೂಡಿಸಬೇಕು. ಕೂಡಿಸಲು ಏನೂ ಇಲ್ಲದವನಿಗೆ ಒಟ್ಟು 36 ಸಾಧ್ಯತೆಗಳಲ್ಲಿ 6 ಮಾತ್ರ ಪೂರ್ತಿ ಗೆಲುವು, 15 ಅರ್ಧ ಗೆಲುವು, 15 ಸೋಲು. ಬರೀ 1 ಕೂಡಿಸಿದರೆ ಅದು 10, 16, 10 ಆಗುತ್ತದೆ. 2 ಕೂಡಿಸಿದರೆ 15, 15, 6. ನೋಡಿ, ಒಂದೊಂದು ಅಂಕಕ್ಕೂ ತೂಕ ಇದೆ, ಅದಕ್ಕೇ ಪಾತ್ರದ ಹಾಳೆಯಲ್ಲಿ ದೊಡ್ಡ ದೊಡ್ಡ ಸಂಖ್ಯೆ ಬೇಕಾಗುವುದಿಲ್ಲ. ಈ ಮೂರರಲ್ಲೂ ಅರ್ಧ ಗೆಲುವು ಶೇ. 40ರ ಮೇಲೆಯೇ ಇರುತ್ತದೆ. "ಆಯ್ತು, ಆದರೆ..." ಅನ್ನುವುದು ಸಂಜೆಯಿಡೀ ಬರುತ್ತಲೇ ಇರುತ್ತದೆ. ಆ "ಆದರೆ" ಕತೆಯನ್ನು ಎಳೆದುಕೊಂಡು ಹೋಗುತ್ತದೆ.

ಫೇಟ್ ಅನ್ನುವ ಆಟದಲ್ಲಿ ನಾಲ್ಕು ವಿಶೇಷ ದಾಳ. ಒಂದೊಂದರಲ್ಲಿ ಎರಡು ಮುಖ ಪ್ಲಸ್, ಎರಡು ಮೈನಸ್, ಎರಡು ಖಾಲಿ. ಮೊತ್ತ ಮೈನಸ್ 1ರಿಂದ ಪ್ಲಸ್ 1ರ ಒಳಗೆ ಬೀಳುವುದು ಸುಮಾರು ಶೇ. 63 ಸಲ. ಅಂದರೆ ಪಾತ್ರದ ಸಾಮರ್ಥ್ಯವೇ ಮುಖ್ಯ, ಅದೃಷ್ಟ ಸ್ವಲ್ಪ ಮಾತ್ರ. ಆ ದಾಳ ಸಿಗದಿದ್ದರೆ ಮಾಮೂಲಿ ದಾಳದಲ್ಲೇ 1-2 ಮೈನಸ್, 3-4 ಖಾಲಿ, 5-6 ಪ್ಲಸ್ ಅಂತ ಹಿಡಿದರೆ ಮುಗೀತು.

ಹೆಜ್ಜೆ 4: ಒಂದೇ ಗಳಿಗೆಯನ್ನು ಬೇರೆ ಬೇರೆ ಆಟದಲ್ಲಿ ಆಡಿ ನೋಡಿ

ಆಟಗಳನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಜನ ಸೇರುವುದಕ್ಕೆ ಮೊದಲೇ, ಒಬ್ಬರೇ ಕೂತು ಮಾಡಬಹುದು.

ಸನ್ನಿವೇಶ ಇದು. ಹದಿನಾರನೇ ಶತಮಾನ. ಗೇರುಸೊಪ್ಪೆಯನ್ನು ಚೆನ್ನಭೈರಾದೇವಿ ಆಳುತ್ತಿದ್ದಾಳೆ, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ನಿಮ್ಮ ಪಾತ್ರಗಳು ಮಿರ್ಜಾನ ಕೋಟೆಯ ಹತ್ತಿರ, ಅಘನಾಶಿನಿಯ ಅಳಿವೆಯಲ್ಲಿ, ನಾಲ್ಕು ಚೀಲ ಮೆಣಸು ದೋಣಿಗೆ ಮುಟ್ಟಿಸಬೇಕು. ರಾತ್ರಿ. ಗಜನಿಯ, ಅಂದರೆ ಉಪ್ಪುನೀರು ಬರುವ ಗದ್ದೆಯ, ಕಟ್ಟೆ ಮೇಲೆ ಕಾವಲುಗಾರ ಸೂಡಿ (ಪಂಜು) ಹಿಡಿದು ನಿಂತಿದ್ದಾನೆ. ಭಾವನ ಪಾತ್ರ ಅವನ ಕಣ್ಣು ತಪ್ಪಿಸಿ ದಾಟಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ: ಇಪ್ಪತ್ತು ಮುಖದ ದಾಳ ಹಾಕಿ, ಚುರುಕುತನದ ಅಂಕ ಕೂಡಿಸಿ, ಕಳ್ಳಹೆಜ್ಜೆಯ ತರಬೇತಿ ಇದ್ದರೆ ಅದನ್ನೂ ಕೂಡಿಸಿ. ಕಾವಲುಗಾರನ ಗಮನದ ಸಂಖ್ಯೆಯನ್ನು ಮುಟ್ಟಿದರೆ ದಾಟಿದ. ಇಲ್ಲದಿದ್ದರೆ ಕಾವಲುಗಾರ ಕಂಡ. ಆಮೇಲೇನು ಅನ್ನುವುದು ಜಿಎಂ ತೀರ್ಮಾನ. ಹೊಡೆದಾಟ ಶುರುವಾದರೆ ಮಾತ್ರ ಯಾರು ಮೊದಲು, ಎಷ್ಟು ದೂರ ಓಡಬಹುದು, ಒಂದು ಸರದಿಯಲ್ಲಿ ಏನೇನು ಮಾಡಬಹುದು ಎಲ್ಲಕ್ಕೂ ಗಟ್ಟಿ ನಿಯಮ ಇದೆ. ಅಂದರೆ ಚೌಕಟ್ಟು ಇರುವುದು ಹೊಡೆದಾಟದಲ್ಲಿ.

ಕೇರ್ನ್ ಅನ್ನುವ ಆಟದಲ್ಲಿ: ಕಳ್ಳಹೆಜ್ಜೆ ಅನ್ನುವ ಕೌಶಲವೇ ಇಲ್ಲ. ಜಿಎಂ ಕೇಳುತ್ತಾರೆ, "ಎಂತ ಮಾಡ್ತೆ ಭಾವ?" ಭಾವ ಹೇಳುತ್ತಾನೆ, "ಕಂಬಳಿಕೊಪ್ಪೆ ಮೈಮೇಲೆ ಎಳ್ಕಂಡು ಕಟ್ಟೆ ಕೆಳಗೆ, ಕೆಸರಲ್ಲಿ ತೆವಳ್ತಿ." ಉಪಾಯ ಚೆನ್ನಾಗಿದ್ದರೆ ದಾಳವೇ ಬೇಡ, ದಾಟಿದ. ಅಪಾಯ ಇದೆ ಅನಿಸಿದರೆ ಚುರುಕುತನದ ಮೇಲೆ ದಾಳ. ಅಂಕ 12 ಇದ್ದರೆ ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಕೆಳಗೆ ಬೀಳಬೇಕು, ಅಂದರೆ ಶೇ. 60.

ಡಂಜನ್ ವರ್ಲ್ಡ್‌ನಲ್ಲಿ, ಇದು ಅಪಾಕಲಿಪ್ಸ್ ವರ್ಲ್ಡ್ ಜಾತಿಗೇ ಸೇರಿದ್ದು: ಎರಡು ದಾಳ, ಜೊತೆಗೆ ಚುರುಕುತನ. 8 ಬಿತ್ತು ಅಂತಿಟ್ಟುಕೊಳ್ಳಿ. ಜಿಎಂ ಸುಮ್ಮನೆ ಯೋಚಿಸುತ್ತಾ ಕೂರಬೇಕಾಗಿಲ್ಲ. ಅಂದುಕೊಂಡದ್ದಕ್ಕಿಂತ ಕಡಿಮೆ ಫಲ, ಕಷ್ಟದ ಚೌಕಾಶಿ, ಇಲ್ಲವೇ ಕೆಟ್ಟ ಆಯ್ಕೆ, ಇದರಲ್ಲಿ ಒಂದು ಕೊಡು ಅಂತ ಪುಸ್ತಕವೇ ಹೇಳಿದೆ. "ದಾಟಬಹುದು ಭಾವ, ಆದರೆ ಹೆಗಲ ಮೇಲಿನ ಚೀಲ ನೀರಿಗೆ ಬೀಳುತ್ತಾ ಇದೆ. ಚೀಲ ಹಿಡ್ಕಂಡ್ರೆ ಸದ್ದಾಗ್ತದೆ. ಬಿಟ್ರೆ ಮೂರೇ ಚೀಲ." ಈಗ ಜಗಲಿಯಲ್ಲಿ ಇದ್ದವರೆಲ್ಲ ಮುಂದಕ್ಕೆ ಬಾಗುತ್ತಾರೆ.

ಮೂರರಲ್ಲಿ ಯಾವುದು ಮೇಲು ಅಂತಲ್ಲ. ಹೊಡೆದಾಟ ಇಷ್ಟಪಡುವ ಹುಡುಗರಿಗೆ ಮೊದಲನೆಯದು. ಉಪಾಯ ಹೂಡುವ, ಜಿಎಂ ಜೊತೆ ವಾದ ಹಾಕುವ ಜನಕ್ಕೆ ಎರಡನೆಯದು. ಜಿಎಂ ಹೊಸಬರಾದರೆ ಮೂರನೆಯದು.

ಹೆಜ್ಜೆ 5: ಪಟ್ಟಿಯಿಂದ ಒಂದು ಆರಿಸಿ

ನನ್ನ ಮೊದಲ ಆಯ್ಕೆ ಕೇರ್ನ್. ಯೋಖಾಯ್ ಗ್ಯಾಲ್ ಬರೆದದ್ದು, 2020ರದ್ದು, ಪಿಡಿಎಫ್ ಉಚಿತ. ಇಂಟು ದ ಆಡ್ ಮತ್ತು ನೇವ್ ಅನ್ನುವ ಎರಡು ಸಣ್ಣ ಆಟಗಳ ಮೇಲೆ ಕಟ್ಟಿದ್ದು. ಪಾತ್ರಕ್ಕೆ ಮೂರೇ ಗುಣ: ಬಲ, ಚುರುಕು, ಮನೋಬಲ. ಒಂದೊಂದಕ್ಕೂ ಮೂರು ಆರು ಮುಖದ ದಾಳ ಹಾಕಿ ಕೂಡಿಸಿದರೆ ಆಯಿತು. ಹೊಡೆದಾಟದಲ್ಲಿ ಹೊಡೆತ ತಪ್ಪುವುದೇ ಇಲ್ಲ, ನೇರವಾಗಿ ಆಯುಧದ ದಾಳ ಹಾಕಿ, ಕವಚ ಇದ್ದರೆ ಅಷ್ಟು ಕಳೆಯಿರಿ. ರಕ್ಷಣೆಯ ಅಂಕ ಮೊದಲು ಖರ್ಚಾಗುತ್ತದೆ, ಅದು ಮುಗಿದ ಮೇಲೆ ಬಲಕ್ಕೇ ಪೆಟ್ಟು, ಬಲಕ್ಕೆ ಪೆಟ್ಟು ಬಿದ್ದ ಕೂಡಲೇ ಬಲದ ಮೇಲೆ ದಾಳ ಹಾಕಿ ಉಳಿಯಬೇಕು, ಸೋತರೆ ಮಲಗಿದ ಹಾಗೇ. ಹೊಡೆದಾಟ ಎರಡು ಮೂರು ಸುತ್ತಿಗೆ ಮುಗಿಯುತ್ತದೆ, ಹಾಗಾಗಿ ಜನ ಹೊಡೆದಾಟಕ್ಕೇ ಇಳಿಯದೆ ಬೇರೆ ದಾರಿ ಹುಡುಕಲು ಕಲಿಯುತ್ತಾರೆ.

ಇಷ್ಟು ಸಣ್ಣ ಆಟದಲ್ಲಿ ಚೌಕಟ್ಟು ಎಲ್ಲಿದೆ ಅಂತ ಕೇಳಬಹುದು. ಸಾಮಾನಿನಲ್ಲಿದೆ. ಒಬ್ಬರಿಗೆ ಹತ್ತೇ ಜಾಗ. ಹಗ್ಗ ಒಂದು ಜಾಗ, ಸೂಡಿ ಒಂದು, ಕತ್ತಿ ಒಂದು, ದೊಡ್ಡ ಸಾಮಾನಿಗೆ ಎರಡು. ಆಯಾಸ ಆದರೆ ಅದೂ ಒಂದು ಜಾಗ ತಿನ್ನುತ್ತದೆ. ಹತ್ತೂ ತುಂಬಿದರೆ ರಕ್ಷಣೆಯ ಅಂಕ ಸೊನ್ನೆ. "ಮೆಣಸಿನ ಚೀಲ ಹೊರ್ತ್ಯ, ಕತ್ತಿ ಹಿಡಿತ್ಯ?" ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಎದುರಾಳಿಗಳಿಗೂ ನಿಯಮ ಇದೆ. ಮೊದಲನೆಯವ ಬಿದ್ದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಮನೋಬಲದ ಮೇಲೆ ದಾಳ, ಸೋತರೆ ಓಡುತ್ತಾರೆ. ಕೊನೆಯವನವರೆಗೆ ಕಡಿದಾಡುವ ಬೇಜಾರು ಇಲ್ಲ. 2024ರ ಎರಡನೇ ಆವೃತ್ತಿಯಲ್ಲಿ ಜಿಎಂಗಾಗಿಯೇ ಬೇರೆ ಪುಸ್ತಕ ಇದೆ, ಕಾಡು ಸುತ್ತುವ, ಗುಹೆ ಹೊಕ್ಕುವ ಕ್ರಮ ಎಲ್ಲ ಅದರಲ್ಲಿದೆ. ಯಾಣದ ಬಂಡೆಗಳ ಸಂದಿಯಲ್ಲಿ ಒಂದು ಸಾಹಸ ಹೂಡುವ ಆಸೆ ಇದ್ದವರು ಅದನ್ನೇ ಹಿಡಿಯಿರಿ.

ಎರಡನೆಯದು ಡಂಜನ್ ವರ್ಲ್ಡ್. 2012ರದ್ದು, ಬರಹ ಉಚಿತವಾಗಿ ಸಿಗುತ್ತದೆ. ಜಿಎಂ ಹೊಸಬರಿಗೆ ಇದರಲ್ಲಿರುವ ಒಂದು ಪಟ್ಟಿ ಬಂಗಾರ. ಆಟಗಾರ ಸೋತಾಗ, ಅಥವಾ ಎಲ್ಲರೂ "ಮುಂದೆಂತ?" ಅಂತ ಜಿಎಂ ಮುಖ ನೋಡಿದಾಗ, ಆ ಪಟ್ಟಿಯಿಂದ ಒಂದು ಎತ್ತಿಕೊಂಡರೆ ಆಯಿತು: ಅವರನ್ನು ಬೇರೆ ಬೇರೆ ಮಾಡು, ಬರುತ್ತಿರುವ ಅಪಾಯದ ಸುಳಿವು ಕೊಡು, ಅವರ ಸಾಮಾನು ಖರ್ಚು ಮಾಡಿಸು, ಹೀಗೆ. ಬೇರೆ ಆಟ ಆಡಿಸುವವರೂ ಆ ಪಟ್ಟಿ ಬರೆದಿಟ್ಟುಕೊಳ್ಳಿ. ಒಂದು ಕೊರತೆ ಅಂದರೆ ಆಟಗಾರರ ಹಾಳೆಯಲ್ಲಿ ಇಂಗ್ಲಿಷ್ ಬರಹ ಜಾಸ್ತಿ, ಕನ್ನಡಕ್ಕೆ ಇಳಿಸುವ ಕೆಲಸ ಕೇರ್ನ್‌ಗಿಂತ ದೊಡ್ಡದು.

ಮೊದಲ ಸಂಜೆಗೆ, ಅದೂ ಬರುವವರು ಬಿಡುವವರು ಗೊತ್ತಿಲ್ಲದ ಕಾರವಾರದ ಗುಂಪಿಗೆ, ಲೇಸರ್ಸ್ ಅಂಡ್ ಫೀಲಿಂಗ್ಸ್. ಇದೂ ಜಾನ್ ಹಾರ್ಪರ್ ಅವರದ್ದೇ, 2013ರದ್ದು, ಒಂದೇ ಪುಟ. ಪಾತ್ರಕ್ಕೆ ಒಂದೇ ಸಂಖ್ಯೆ, 2ರಿಂದ 5ರ ಒಳಗೆ. ತಲೆ ಮತ್ತು ಯಂತ್ರದ ಕೆಲಸಕ್ಕೆ ದಾಳ ಅದಕ್ಕಿಂತ ಕೆಳಗೆ ಬೀಳಬೇಕು, ಮಾತು ಮತ್ತು ಮನಸ್ಸಿನ ಕೆಲಸಕ್ಕೆ ಮೇಲೆ ಬೀಳಬೇಕು. ಸಂಖ್ಯೆ ದೊಡ್ಡದಾದರೆ ಒಂದರಲ್ಲಿ ಜಾಣ, ಇನ್ನೊಂದರಲ್ಲಿ ಪೆದ್ದ. ಒಂದು ಪುಟದ ಆಟಗಳ ಬಗ್ಗೆ ಮೇಲೆ ಮೂಗು ಮುರಿದೆ, ಇದು ಅದಕ್ಕೆ ಅಪವಾದ. ಎಷ್ಟು ದಾಳ ಗೆದ್ದರೆ ಏನಾಗುತ್ತದೆ ಅಂತ ಇದೆ, ಶತ್ರು ಯಾರು, ಅವನಿಗೇನು ಬೇಕು ಅಂತ ದಾಳ ಹಾಕಿ ಕಟ್ಟುವ ಪಟ್ಟಿಯೂ ಇದೆ. ಮೂಲದಲ್ಲಿ ಬಾಹ್ಯಾಕಾಶ ನೌಕೆ. ನೌಕೆ ತೆಗೆದು ದೇವಬಾಗದಿಂದ ಹೊರಟ ಮೀನಿನ ಬೋಟ್ ಇಟ್ಟರೂ ನಡೆಯುತ್ತದೆ, ಬೋಟ್ ಎಂಜಿನ್ ಕೆಟ್ಟು ನಿಂತದ್ದನ್ನು ಸರಿಮಾಡುವುದು ಒಂದು ಕಡೆ, ಕೋಸ್ಟ್ ಗಾರ್ಡ್‌ನವರ ಹತ್ತಿರ ಮಾತಾಡಿ ಬಿಡಿಸಿಕೊಳ್ಳುವುದು ಇನ್ನೊಂದು ಕಡೆ.

ಮಕ್ಕಳಿದ್ದರೆ ಮೌಸ್‌ರಿಟರ್. ಆಟಗಾರರೆಲ್ಲ ಇಲಿಗಳು, ಬೆಕ್ಕು ಅಂದರೆ ರಾಕ್ಷಸ. ಸಾಮಾನುಗಳಿಗೆ ಸಣ್ಣ ಸಣ್ಣ ಕಾರ್ಡ್ ಕತ್ತರಿಸಿ ಹಾಳೆ ಮೇಲೆ ಇಡುವುದು, ಅದೇ ಅವರಿಗೆ ಖುಷಿ.

ಕ್ವೆಸ್ಟ್ ಅನ್ನುವುದೂ ಹೊಸಬರಿಗೆ ಹೇಳಿಮಾಡಿಸಿದ್ದು, ಇಪ್ಪತ್ತು ಮುಖದ ಒಂದೇ ದಾಳ, ಕೂಡಿಸು ಕಳೆ ಏನೂ ಇಲ್ಲ: 20 ಬಿದ್ದರೆ ಅದ್ಭುತ, 11ರಿಂದ 19 ಗೆಲುವು, 6ರಿಂದ 10 ಕಷ್ಟದ ಆಯ್ಕೆ, 2ರಿಂದ 5 ಸೋಲು, 1 ಬಿದ್ದರೆ ಅನಾಹುತ. ಫೇಟ್‌ನ ಸಣ್ಣ ರೂಪ ಫೇಟ್ ಆಕ್ಸಿಲರೇಟೆಡ್‌ನಲ್ಲಿ ಕೆಲಸ ಮಾಡುವ ರೀತಿಗಳು ಆರೇ: ಎಚ್ಚರ, ಜಾಣತನ, ಡೌಲು, ಜೋರು, ವೇಗ, ಗುಟ್ಟು. ಮಾತಿನಲ್ಲಿ ಪಳಗಿದ ಜನಕ್ಕೆ ಅದು ಚೆನ್ನ. ಆದರೆ ಪಾತ್ರದ ಸ್ವಭಾವವನ್ನು ಒಂದು ಸಾಲಿನಲ್ಲಿ ಬರೆದು ಅದನ್ನೇ ಆಟದಲ್ಲಿ ಖರ್ಚು ಮಾಡಬೇಕು, ಮೊದಲ ದಿನ ಎಲ್ಲರಿಗೂ ಅದು ಹತ್ತುವುದಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಅದು ಕೆಟ್ಟ ಆಟ ಅಲ್ಲ, ಆದರೆ ನೀವು ಕೇಳಿದ "ಸರಳ" ಅದಲ್ಲ. ಐದನೇ ಆವೃತ್ತಿ ಬಂದದ್ದು 2014ರಲ್ಲಿ, ಆಗಿನ ಆಟಗಾರರ ಪುಸ್ತಕವೊಂದೇ 320 ಪುಟ. ಗೆಳೆಯರೆಲ್ಲ ಅದನ್ನೇ ಆಡಬೇಕು ಅಂತ ಹಟ ಹಿಡಿದರೆ ಉಚಿತವಾಗಿ ಸಿಗುವ ಮೂಲ ನಿಯಮಗಳಿಂದ ಶುರುಮಾಡಿ, ದುಡ್ಡು ಆಮೇಲೆ ಹಾಕಿ.

ಬ್ಲೇಡ್ಸ್ ಇನ್ ದ ಡಾರ್ಕ್‌ನ ಸುತ್ತನ್ನು ಮೇಲೆ ಹೊಗಳಿದ್ದೇನೆ, ಆದರೂ ಮೊದಲ ಆಟವಾಗಿ ಬೇಡ, ಅದರ ಊರನ್ನು ವಿವರಿಸುವುದೇ ಒಂದು ಸಂಜೆಯ ಕೆಲಸ. ಅದರಿಂದ ಒಂದು ವಸ್ತು ಮಾತ್ರ ಕದಿಯಿರಿ, ಗಡಿಯಾರ. ಕಾಗದದಲ್ಲಿ ಒಂದು ವೃತ್ತ ಬರೆದು ಆರು ಹೋಳು ಮಾಡಿ. "ಕಾವಲಿನವರಿಗೆ ಸುಳಿವು" ಅಂತ ಮೇಲೆ ಬರೆಯಿರಿ. ಸದ್ದಾದಾಗಲೆಲ್ಲ ಒಂದೊಂದು ಹೋಳು ತುಂಬಿ. ಆರೂ ತುಂಬಿದರೆ ಕೋಟೆಯಿಂದ ಸೈನಿಕರು ಹೊರಟರು. ಇದು ಯಾವ ಆಟಕ್ಕೂ ಹೊಂದುತ್ತದೆ, ಮತ್ತು ಜಿಎಂ ಮನಸ್ಸಿಗೆ ಬಂದಂತೆ ಮಾಡಿದರು ಅನ್ನುವ ದೂರು ಅಲ್ಲಿಗೆ ನಿಲ್ಲುತ್ತದೆ.

ಹೆಜ್ಜೆ 6: ಸಾಮಾನು ಜೋಡಿಸಿ

ಆರು ಮುಖದ ದಾಳ ಯಾವ ಸ್ಟೇಷನರಿ ಅಂಗಡಿಯಲ್ಲೂ ಲೂಡೋ ಜೊತೆ ಸಿಗುತ್ತದೆ. ಇಪ್ಪತ್ತು ಮುಖದ್ದನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ಅದು ಬರುವವರೆಗೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ, ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸ್ ಹಾಕಿ ಕುಲುಕಿ. ವಾಪಸ್ ಹಾಕದಿದ್ದರೆ ಲೆಕ್ಕ ಕೆಡುತ್ತದೆ. ಅಜ್ಜಿಯ ಕವಡೆ ಬಳಸೋಣವೇ ಅಂತ ಕೇಳುವವರು ಇರುತ್ತಾರೆ. ದಾಳದ ಬದಲಿಗೆ ಬೇಡ, ಕವಡೆಯಲ್ಲಿ ಎಲ್ಲ ಸಂಖ್ಯೆಗೂ ಸಮಾನ ಅವಕಾಶ ಇರುವುದಿಲ್ಲ.

ಪಿಡಿಎಫ್ ಅನ್ನು ಕೈಪುಸ್ತಕದ ಅಳತೆಗೆ ಪ್ರಿಂಟ್ ಹಾಕಿಸಿ, ಮಧ್ಯ ಪಿನ್ ಹೊಡೆಸಿ. ಕೇರ್ನ್‌ಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ, ಮೂಲ ಲೇಖಕರ ಹೆಸರು ಹಾಕಿ, ಅದೇ ಪರವಾನಗಿಯಲ್ಲೇ ಹಂಚಿದರೆ ಕನ್ನಡಕ್ಕೆ ತಂದು ಊರಿಗೆಲ್ಲ ಕೊಡಬಹುದು. ಹಾಗಾಗಿ ಎರಡು ಪುಟದ ಕನ್ನಡ ಸಾರಾಂಶ ಒಂದು ನೀವೇ ಬರೆದುಬಿಡಿ. ಬರೆಯುವಾಗ ಎಲ್ಲಿ ತೊಡಕಾಯಿತೋ ಅಲ್ಲೇ ಆಟದಲ್ಲೂ ತೊಡಕಾಗುತ್ತದೆ, ಅದು ಮೊದಲೇ ಗೊತ್ತಾದಂತೆ.

ಹೆಜ್ಜೆ 7: ಒಂದು ಸಂಜೆ ಆಡಿ, ಆಮೇಲೆ ತೀರ್ಪು

ಮಿರ್ಜಾನದ ಸನ್ನಿವೇಶವನ್ನೇ ಇಟ್ಟುಕೊಳ್ಳಿ. ಜಿಎಂ ಬರೆದಿಟ್ಟುಕೊಳ್ಳಬೇಕಾದ್ದು ಅರ್ಧ ಹಾಳೆ. ಮೂರು ಜಾಗ: ಗಜನಿಯ ಕಟ್ಟೆ, ದೋಣಿ ಕಟ್ಟಿದ ದಂಡೆ, ಕೋಟೆಯ ಹಿಂಬಾಗಿಲು. ಇಬ್ಬರು ವ್ಯಕ್ತಿಗಳು, ಒಬ್ಬೊಬ್ಬರಿಗೆ ಏನು ಬೇಕು ಅಂತ ಒಂದು ಸಾಲು: ಅಂಬಿಗನಿಗೆ ಸಮುದ್ರದ ಭರತ ಇಳಿಯುವುದರೊಳಗೆ ಹೊರಡಬೇಕು, ಕಾವಲುಗಾರನಿಗೆ ಲಂಚಕ್ಕಿಂತ ನಿದ್ದೆ ಬೇಕು. ಒಂದು ಗಡಿಯಾರ. ಕೊನೆ ಹೇಗೆ ಅಂತ ಬರೆಯಬೇಡಿ. ಬರೆದರೆ ಆಟಗಾರರನ್ನು ಅಲ್ಲಿಗೇ ಎಳೆಯುತ್ತೀರಿ, ಅವರಿಗದು ಗೊತ್ತಾಗಿಬಿಡುತ್ತದೆ.

ಆಡುವಾಗ ಮೂರು ಸಂಗತಿ ಗಮನಿಸಿ. ಪಾತ್ರ ಮಾಡಲು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತಾ? ಆಟದ ನಡುವೆ ಪುಸ್ತಕ ಎಷ್ಟು ಸಲ ತೆರೆಯಬೇಕಾಯಿತು? ಯಾರು ಸುಮ್ಮನೆ ಕೂತರು? ಕೊನೆಯದಕ್ಕೆ ಜನರನ್ನು ದೂರಬೇಡಿ. ಕೆಲವು ಆಟದಲ್ಲಿ ಜೋರು ಬಾಯಿಯವರಿಗೇ ಎಲ್ಲ ಸರದಿ ಹೋಗುತ್ತದೆ, ಪ್ರತಿಯೊಬ್ಬರಿಗೂ ಸರದಿ ಕೊಡುವ ನಿಯಮ ಇಲ್ಲದಿರುವುದೇ ಕಾರಣ ಇರಬಹುದು. ಆಗ ಬಲದಿಂದ ಎಡಕ್ಕೆ ಸರದಿ ಅಂತ ಮಾಡಿ ಇನ್ನೊಂದು ಸಂಜೆ ಆಡಿ ನೋಡಿ.

ಒಂದು ಸಲವೂ ಪೂರ್ತಿ ಆಡದೆ ನಿಯಮ ತಿದ್ದಲು ಹೋಗಬೇಡಿ. ಹೊಡೆತ ತಪ್ಪುವುದೇ ಇಲ್ಲ ಅನ್ನುವುದನ್ನು ಕೇಳಿದ ಕೂಡಲೇ "ಇದೆಂತ ಆಟ ಮಾರಾಯ, ತಪ್ಪಿಸ್ಕಳಲೂ ಬರ್ತಿಲ್ಯ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಎರಡು ಹೊಡೆದಾಟ ಆಗಲಿ, ಆಮೇಲೆ ಮಾತಾಡೋಣ ಅನ್ನಿ.

ಒಬ್ಬರೇ ಇದ್ದೀರಾ? ಜೋಯಿಡಾದ ಯಾವುದೋ ಮೂಲೆಯಲ್ಲಿ, ನಾಲ್ಕು ಜನ ಸೇರಿಸುವ ಮಾತೇ ಇಲ್ಲ ಅನ್ನುವವರಿಗೆ ಐರನ್‌ಸ್ವೋರ್ನ್ ಇದೆ. ಶಾನ್ ಟಾಮ್ಕಿನ್ ಬರೆದದ್ದು, 2018ರದ್ದು, ಪಿಡಿಎಫ್ ಉಚಿತ. ಆರು ಮುಖದ ಒಂದು ದಾಳಕ್ಕೆ ನಿಮ್ಮ ಗುಣದ ಅಂಕ ಕೂಡಿಸಿ, ಹತ್ತು ಮುಖದ ಎರಡು ದಾಳಗಳ ಎದುರು ಇಡಿ. ಎರಡನ್ನೂ ಮೀರಿದರೆ ಪೂರ್ತಿ ಗೆಲುವು, ಒಂದನ್ನು ಮೀರಿದರೆ ಅರ್ಧ, ಎರಡೂ ಮೇಲಿದ್ದರೆ ಸೋಲು. ಅಂಕ ಸರಿಸಮ ಬಿದ್ದರೆ ಅದು ಮೀರಿದಂತಲ್ಲ. ಜಿಎಂ ಜಾಗದಲ್ಲಿ ಪಟ್ಟಿಗಳಿವೆ, ಪ್ರಶ್ನೆ ಕೇಳಿ ದಾಳ ಹಾಕಿದರೆ ಉತ್ತರ ಸಿಗುತ್ತದೆ. ಇಬ್ಬರು ಮೂವರು ಸೇರಿ ಜಿಎಂ ಇಲ್ಲದೆ ಆಡಲೂ ಬರುತ್ತದೆ, ಯಾರಿಗೂ ಜಿಎಂ ಆಗಲು ಧೈರ್ಯ ಇಲ್ಲದ ಗುಂಪಿಗೂ ಇದೇ ದಾರಿ.

ಪಾತ್ರದ ಹಾಳೆಯನ್ನು ಜೆರಾಕ್ಸ್ ಮಾಡಿಸುವಾಗ ಲೆಕ್ಕಕ್ಕಿಂತ ಎರಡು ಜಾಸ್ತಿ ಮಾಡಿಸಿ. ಸುಮ್ನೆ ನೋಡ್ತೇನೆ ಅಂತ ಬಂದವರು ಅರ್ಧ ಗಂಟೆಗೆ ಪೆನ್ಸಿಲ್ ಕೇಳುತ್ತಾರೆ.